ಡಚ್ ಕಡಲತೀರಕ್ಕೆ ಹೊರಡುವ ಮುನ್ನ ಗಾಳಿ ನೋಡಿ

ಮೇ ತಿಂಗಳಲ್ಲಿ ಹೇಗ್ ನಗರದ ಬೀದಿಯಲ್ಲಿ 25 ಡಿಗ್ರಿ ಬಿಸಿಲಿರುತ್ತದೆ. ಊರಿನಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಟ್ರಾಮ್ ಹತ್ತಿ ಸ್ಖೇವನಿಂಗೆನ್ ಕಡಲತೀರದಲ್ಲಿ ಇಳಿದರೆ ಸೂರ್ಯನೇ ಇಲ್ಲ, ಮೈ ನಡುಗಿಸುವ ಚಳಿ, ಎದುರಿನ ಉದ್ದನೆಯ ಪಿಯರ್ ಕೂಡ ಮಂಜಿನಲ್ಲಿ ಮಾಯ. ಹವಾಮಾನ ಆ್ಯಪ್ ಸುಳ್ಳು ಹೇಳಿರುವುದಿಲ್ಲ. ಅದು ತೋರಿಸಿದ್ದು ಊರೊಳಗಿನ ಹವೆ.

ಈ ಮಂಜಿಗೆ ಡಚ್ಚರು ‘ಝೇಫ್ಲಾಮ್’ ಎನ್ನುತ್ತಾರೆ. ಮೇನಲ್ಲಿ ಮಲ್ಪೆಯ ಕಡಲು 30 ಡಿಗ್ರಿಯ ಆಸುಪಾಸಿನಲ್ಲಿದ್ದರೆ, ಉತ್ತರ ಸಮುದ್ರದ ನೀರು ಇನ್ನೂ 11ರಿಂದ 13 ಡಿಗ್ರಿಯಲ್ಲೇ ಇರುತ್ತದೆ. ನೆಲ ಬೇಗ ಕಾಯುತ್ತದೆ, ನೀರು ನಿಧಾನಕ್ಕೆ ಕಾಯುತ್ತದೆ. ಪೂರ್ವದಿಂದಲೋ ದಕ್ಷಿಣದಿಂದಲೋ ಬಂದ ಬೆಚ್ಚನೆಯ ಗಾಳಿ ಆ ನೀರಿನ ಮೇಲೆ ಹಾದಾಗ ಅಡಿಯಿಂದ ತಣ್ಣಗಾಗಿ, ತಣ್ಣೀರಿನ ಲೋಟದ ಹೊರಮೈ ಬೆವರುವ ಹಾಗೆ, ಅದರೊಳಗಿನ ತೇವ ಹನಿಗಟ್ಟುತ್ತದೆ. ಗಾಳಿ ನೆಲದ ಕಡೆಯಿಂದ ಬೀಸುತ್ತಿರುವವರೆಗೆ ಮಂಜು ಕಡಲಲ್ಲೇ ಇರುತ್ತದೆ. ಮಧ್ಯಾಹ್ನ ಕಡಲಗಾಳಿ ಎದ್ದಿತೋ, ಕೆಲವೇ ನಿಮಿಷಗಳಲ್ಲಿ ದಡಕ್ಕೆ ನುಗ್ಗುತ್ತದೆ. ಉಷ್ಣಾಂಶ ಹತ್ತು ಡಿಗ್ರಿ ಇಳಿಯುವುದೂ ಉಂಟು. ಕೆಲವು ಕಿಲೋಮೀಟರ್ ಒಳನಾಡಿಗೆ ಹೋದರೆ ಮತ್ತೆ ಬಿಸಿಲು.

ಆದ್ದರಿಂದ ಹೊರಡುವ ಮುನ್ನ ಗರಿಷ್ಠ ಉಷ್ಣಾಂಶಕ್ಕಿಂತ ಗಾಳಿಯ ದಿಕ್ಕು ನೋಡುವುದು ಮೇಲು. ಡಚ್ ಹವಾಮಾನ ಸಂಸ್ಥೆ ಕೆಎನ್‌ಎಂಐ ಮುನ್ಸೂಚನೆಯಲ್ಲಿ ಮಧ್ಯಾಹ್ನದ ಗಾಳಿ ಪಶ್ಚಿಮಕ್ಕೋ ವಾಯವ್ಯಕ್ಕೋ ತಿರುಗುವಂತಿದ್ದರೆ ಸ್ವೆಟರ್ ಜತೆಗಿರಲಿ. ಕಡಲತೀರದ ವೆಬ್‌ಕ್ಯಾಮ್ ಇನ್ನೂ ನಂಬಿಕಸ್ಥ.

ಅಲೆಗಳನ್ನು ಆಳುವುದೂ ಗಾಳಿಯೇ. ಮೂಲ್ಕಿಯ ಸರ್ಫರ್‌ಗಳಿಗೆ ಹಿಂದೂ ಮಹಾಸಾಗರದ ದಕ್ಷಿಣ ತುದಿಯಿಂದ ನೀಳವಾದ ಅಲೆಗಳು ಬಂದು ತಲುಪುತ್ತವೆ. ಇಲ್ಲಿ ಅಟ್ಲಾಂಟಿಕ್‌ಗೆ ಬ್ರಿಟನ್ ಅಡ್ಡ ನಿಂತಿದೆ, ತೆರೆದ ಬಾಗಿಲು ಹೆಚ್ಚಾಗಿ ಉತ್ತರದ್ದೇ. ಹಾಗಾಗಿ ಬಹುತೇಕ ಅಲೆಗಳು ಹತ್ತಿರದ ಗಾಳಿ ಎಬ್ಬಿಸಿದ, ಒಂದರ ಹಿಂದೊಂದು ಒತ್ತಿ ಬರುವ ಗಿಡ್ಡ ಅಲೆಗಳು. ಬೇಸಿಗೆಯ ಆರಂಭದಲ್ಲಿ ಎಷ್ಟೋ ದಿನ ಕಡಲು ಕೆರೆಯೇ ಸರಿ. ವಾಯವ್ಯ ಗಾಳಿ ಜೋರಾಗಿ ಬೀಸಿ ನಿಂತ ಮೇಲಿನ ಕೆಲವು ಗಂಟೆಗಳಿಗಾಗಿ ಸರ್ಫರ್‌ಗಳು ಕಾಯುತ್ತಾರೆ, ಅದೂ ದಪ್ಪ ವೆಟ್‌ಸೂಟ್ ತೊಟ್ಟು.

ವಸಂತದಲ್ಲಿ ಇನ್ನೊಂದು ಅಪಾಯವಿದೆ: ನೊರೆ. ಫಿಯೋಸಿಸ್ಟಿಸ್ ಎಂಬ ಪಾಚಿ ಏಪ್ರಿಲ್, ಮೇ ಹೊತ್ತಿಗೆ ಹುಲುಸಾಗಿ ಬೆಳೆದು ಸಾಯುತ್ತದೆ. ಅದು ಬಿಟ್ಟ ಲೋಳೆಯನ್ನು ಅಲೆಗಳು ಕಡೆದು ನೊರೆ ಮಾಡುತ್ತವೆ. ಸಾಮಾನ್ಯವಾಗಿ ಮಕ್ಕಳು ಅದರಲ್ಲಿ ಆಡುತ್ತಾರೆ. ಆದರೆ 2020ರ ಮೇ 11ರಂದು ಸ್ಖೇವನಿಂಗೆನ್‌ನಲ್ಲಿ ಉತ್ತರದ ಕಡೆಯ ಬಿರುಗಾಳಿ ಆ ನೊರೆಯನ್ನು ಬಂದರಿನ ಉತ್ತರ ತಡೆಗೋಡೆಯ ಮೂಲೆಗೆ ತಳ್ಳಿ ಆಳೆತ್ತರ ಮೀರಿ ಪೇರಿಸಿತು. ಕಡಲು ಬಲ್ಲ ಐವರು ಅಲ್ಲಿ ಸತ್ತರು. ಅಂಥ ನೊರೆಯಲ್ಲಿ ಉಸಿರಾಡಲೂ ಆಗದು, ದಿಕ್ಕೂ ತಿಳಿಯದು. ನೊರೆ ಇದ್ದು ಗಾಳಿ ಜೋರಾಗಿದ್ದರೆ ಗೋಡೆಯ ಮೂಲೆಗಳಿಂದ ದೂರವಿರಿ.

ಮರಳ ದಿಬ್ಬಗಳ ನಡುವಿನ ಕಿಂಡಿಯಲ್ಲಿ ನೀರು ಹೊರಕ್ಕೆ ಸೆಳೆಯುವ ಜಾಗಕ್ಕೆ ಇಲ್ಲಿ ‘ಮುಯ್’ ಎನ್ನುತ್ತಾರೆ. ಸಿಕ್ಕಿಕೊಂಡರೆ ದಡದತ್ತ ಹೆಣಗದೆ, ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಂದು ಆಮೇಲೆ ತಿರುಗಬೇಕು. ಕೆಂಪು-ಹಳದಿ ಬಾವುಟ ಹಾರುತ್ತಿದ್ದರೆ ಜೀವರಕ್ಷಕರಿದ್ದಾರೆ ಎಂದರ್ಥ. ಬರೀ ಹಳದಿಯಾದರೆ ಈಜು ಅಪಾಯ, ಕೆಂಪಾದರೆ ನೀರಿಗಿಳಿಯುವಂತಿಲ್ಲ. ಕಿತ್ತಳೆ ಬಣ್ಣದ ಗಾಳಿಚೀಲ ಏರಿಸಿದ್ದರೆ ಗಾಳಿ ತುಂಬಿದ ಆಟಿಕೆಗಳು ನೀರಿಗೆ ಬೇಡ; ನೆಲದ ಗಾಳಿ ಮಗುವಿನ ಸಮೇತ ಒಯ್ದುಬಿಡುತ್ತದೆ. ಮೇನಲ್ಲಿ ಎಲ್ಲ ತೀರಗಳಲ್ಲೂ ದಿನವೂ ಕಾವಲು ಇರುವುದಿಲ್ಲ ಎಂಬುದೂ ನೆನಪಿರಲಿ.

ತೀರದುದ್ದಕ್ಕೂ ಸಂಖ್ಯೆ ಬರೆದ ಕಂಬಗಳಿವೆ. ಮಂಜು ಕವಿದು ಯಾರಾದರೂ ಕಾಣೆಯಾದರೆ 112ಕ್ಕೆ ಕರೆ ಮಾಡಿ, ಹತ್ತಿರದ ಕಂಬದ ಸಂಖ್ಯೆ ಹೇಳಿ.