ಕುದ್ಮುಲ್ ರಂಗರಾಯರ ಎರಡು ವಂಶಗಳು

ವಂಶವು ಜನ್ಮದಿಂದ ಬಂದುದು, ವಿದ್ಯೆಯಿಂದ ಬಂದುದು ಎಂದು ಎರಡು ಬಗೆಯೆಂಬುದು ವೈಯಾಕರಣರ ಮತ. ತಂದೆಯಿಂದ ಮಕ್ಕಳಿಗೆ ಇಳಿಯುವುದು ಮೊದಲನೆಯದು. ಗುರುವಿನಿಂದ ಶಿಷ್ಯರಿಗೆ ಇಳಿಯುವುದು ಎರಡನೆಯದು. ಮಂಗಳೂರಿನಲ್ಲಿ ವಕೀಲರಾಗಿದ್ದ ರಾವ್ ಸಾಹೇಬ ಕುದ್ಮುಲ್ ರಂಗರಾಯರ ಕುಟುಂಬವೃತ್ತಾಂತವನ್ನು ಹೇಳುವಾಗ ಈ ಎರಡನ್ನೂ ಕೂಡಿಸಿ ನೋಡುವುದು ಯುಕ್ತವು.

ರಂಗರಾಯರು 1859ನೆಯ ಇಸವಿಯಲ್ಲಿ ಕಾಸರಗೋಡಿನ ಸಾರಸ್ವತ ಬ್ರಾಹ್ಮಣ ಕುಲದಲ್ಲಿ ಜನಿಸಿದರು. ಕಾಸರಗೋಡು ಆಗ ಮದರಾಸು ಆಧಿಪತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದಿತು. ಕೇರಳಕ್ಕೆ ಸೇರಿದುದು 1956ರಲ್ಲಿ. ಎಳೆಯ ವಯಸ್ಸಿನಲ್ಲಿಯೇ ಪಿತೃವಿಯೋಗವಾಗಲು, ಅವರು ಮಂಗಳೂರಿಗೆ ಬಂದು ಮೊದಲು ಉಪಾಧ್ಯಾಯವೃತ್ತಿಯನ್ನೂ ಬಳಿಕ ವಕೀಲವೃತ್ತಿಯನ್ನೂ ಕೈಗೊಂಡರು. ಉಳ್ಳಾಲ ರಘುನಾಥಯ್ಯನವರು 1870ರಲ್ಲಿ ಅಲ್ಲಿ ನೆಲೆಗೊಳಿಸಿದ್ದ ಬ್ರಾಹ್ಮಸಮಾಜದ ಸಂಪರ್ಕವು ಅವರ ಬಾಳಿನ ದಿಕ್ಕನ್ನು ನಿರ್ಣಯಿಸಿತು.

1892ರಲ್ಲಿ ಉರ್ವದ ಚಿಲಿಂಬಿಯಲ್ಲಿ ದಲಿತರ ಮಕ್ಕಳಿಗಾಗಿ ಅವರು ಒಂದು ಶಾಲೆಯನ್ನು ತೆರೆದರು. ವಿರೋಧವು ಪ್ರಬಲವಾದುದರಿಂದ ಅದನ್ನು ಕಂಕನಾಡಿಗೂ ಅನಂತರ ಕೊಡಿಯಾಲಬೈಲಿನ ಶೇಡಿಗುಡ್ಡೆಗೂ ಒಯ್ಯಬೇಕಾಯಿತು. ಸ್ವಜಾತಿಯವರು ಬಹಿಷ್ಕರಿಸಿದರೂ ಅವರು ಹಿಮ್ಮೆಟ್ಟಲಿಲ್ಲ. 1897ರಲ್ಲಿ ಸ್ಥಾಪಿತವಾದ ಅವರ ಡಿಪ್ರೆಸ್ಡ್ ಕ್ಲಾಸಸ್ ಮಿಷನ್, ಮುಂಬಯಿಯಲ್ಲಿ ವಿಠ್ಠಲ ರಾಮಜಿ ಶಿಂದೆಯವರು 1906ರಲ್ಲಿ ಆರಂಭಿಸಿದ ಅದೇ ಹೆಸರಿನ ಸಂಸ್ಥೆಗಿಂತ ಒಂಬತ್ತು ವರ್ಷ ಹಿರಿದು. ಅಲ್ಲಿ ಅಕ್ಷರದೊಡನೆ ನೇಯ್ಗೆ, ಮರಗೆಲಸಗಳನ್ನೂ ಕಲಿಸುತ್ತಿದ್ದರು. ಅನ್ನದ ದಾರಿಯನ್ನು ತೋರದ ವಿದ್ಯೆ ಬಡವನ ಮನೆಯಲ್ಲಿ ನಿಲ್ಲದೆಂಬುದನ್ನು ರಾಯರು ಬಲ್ಲವರಾಗಿದ್ದರು.

ಇನ್ನು ಜನ್ಮವಂಶ. ಪುತ್ರಿ ರಾಧಾಬಾಯಿಯವರು ಮದರಾಸಿನಲ್ಲಿಯೂ ಆಕ್ಸ್‌ಫರ್ಡಿನಲ್ಲಿಯೂ ವ್ಯಾಸಂಗಮಾಡಿ, ಜಾತಿಯಿಂದಲೂ ಭಾಷೆಯಿಂದಲೂ ಅನ್ಯರಾದ ಕುಮಾರಮಂಗಲದ ಜಮೀನ್ದಾರ ಪಿ. ಸುಬ್ಬರಾಯನ್ನರನ್ನು ವರಿಸಿದರು. ಸುಬ್ಬರಾಯನ್ನರು 1926ರಿಂದ 1930ರವರೆಗೆ ಮದರಾಸಿನ ಮುಖ್ಯಮಂತ್ರಿಗಳಾಗಿದ್ದರು. 1930ರ ದುಂಡುಮೇಜಿನ ಪರಿಷತ್ತಿಗೆ ಹೋದ ಇಬ್ಬರು ಭಾರತೀಯ ಮಹಿಳೆಯರಲ್ಲಿ ರಾಧಾಬಾಯಿಯವರೊಬ್ಬರು. ಅವರ ಮಕ್ಕಳಲ್ಲಿ ಪಿ. ಪಿ. ಕುಮಾರಮಂಗಲಂ 1966ರಿಂದ 1969ರವರೆಗೆ ಭೂಸೇನೆಯ ಮುಖ್ಯಸ್ಥರು. ಮೋಹನ್ ಮಾತಾಮಹನಂತೆಯೇ ನ್ಯಾಯವಾದಿ, ಮುಂದೆ ಕೇಂದ್ರ ಸಚಿವರು. ಪಾರ್ವತಿ ಕೃಷ್ಣನ್ ಕಮ್ಯೂನಿಸ್ಟ್ ಪಕ್ಷದ ಲೋಕಸಭಾ ಸದಸ್ಯೆ.

ಮಗಳನ್ನು ಸಮುದ್ರದಾಚೆಗೆ ಓದಲು ಕಳುಹಿದ ಮನಸ್ಸೂ ಬೀದಿಯ ಮಕ್ಕಳನ್ನು ಶಾಲೆಗೆ ಕರೆತಂದ ಮನಸ್ಸೂ ಒಂದೇ. ಆದರೆ ಮಿಷನ್ನನ್ನು ರಾಯರು ಮನೆಯ ಸ್ವತ್ತಾಗಿಸಲಿಲ್ಲ. ಭಾರತ ಸೇವಕ ಸಮಾಜಕ್ಕೆ ಒಪ್ಪಿಸಿಬಿಟ್ಟರು. 1927ರಲ್ಲಿ ಸಂನ್ಯಾಸವನ್ನು ಸ್ವೀಕರಿಸಿ ಈಶ್ವರಾನಂದರೆನಿಸಿ, 1928ರ ಜನವರಿ 30ರಂದು ಕಾಲವಶರಾದರು. ತಮ್ಮ ಅಂತ್ಯಕ್ರಿಯೆಯನ್ನು ದಲಿತರೇ ನೆರವೇರಿಸಬೇಕೆಂಬುದು ಅವರ ಇಚ್ಛೆಯಾಗಿದ್ದಿತು. ಅಂತ್ಯಕ್ರಿಯೆಯು ಸಂತತಿಯ ಅಧಿಕಾರವೆಂಬುದು ಶಾಸ್ತ್ರಸಂಪ್ರದಾಯ. ಆ ಅಧಿಕಾರವನ್ನು ಇತ್ತುದರಿಂದ ತಮ್ಮ ಸಂತತಿ ಯಾರೆಂಬುದನ್ನು ಅವರೇ ನಿರ್ಣಯಿಸಿದಂತಾಯಿತು.

ಅವರ ಸಮಾಧಿಯು ಅತ್ತಾವರದ ಬಾಬುಗುಡ್ಡೆಯಲ್ಲಿದೆ. ಬೈಕಂಪಾಡಿ, ಸುರತ್ಕಲ್ಲುಗಳವರೆಗೆ ಹಬ್ಬಿದ ಇಂದಿನ ಮಂಗಳೂರು ನಗರದ ಪುರಭವನವು ಅವರ ಹೆಸರನ್ನು ಧರಿಸಿದೆ. ಮೊಮ್ಮಕ್ಕಳ ಹೆಸರುಗಳನ್ನು ದೇಶದ ಇತಿಹಾಸವು ಬರೆದಿಟ್ಟುಕೊಂಡಿರುವುದು. ಚಿಲಿಂಬಿಯಲ್ಲಿ ಮೊದಲ ಅಕ್ಷರವನ್ನು ತಿದ್ದಿದ ಮಕ್ಕಳಿಗೆ ಆ ಭಾಗ್ಯವು ದೊರೆಯಲಿಲ್ಲ. ಆದರೂ ರಂಗರಾಯರ ವಂಶವೃಕ್ಷವನ್ನು ಬರೆಯುವವರು ಅವರಿಗಾಗಿ ಒಂದು ಶಾಖೆಯನ್ನು ಬಿಡದಿದ್ದರೆ ಆ ವೃಕ್ಷವು ಅರ್ಧಮಾತ್ರವಾದೀತು.