ಒಬ್ಬನೇ ಏಕೆ ಎಂದು ಮಗಳು ಕೇಳಿದರೆ



ಮನೆಯಲ್ಲಿ ಐದು ಹೊತ್ತಿನ ನಮಾಝ್ ನಡೆಯುತ್ತದೆ. ಮಕ್ಕಳು ಏಳೆಂಟು ವರ್ಷ ಮದ್ರಸಕ್ಕೆ ಹೋಗಿ ಬಂದಿದ್ದಾರೆ. ಕಲಿಮವನ್ನು ತೊಟ್ಟಿಲಲ್ಲಿರುವಾಗಲೇ ಕೇಳಿದ್ದಾರೆ. ಹೀಗಿರುವಾಗ ಒಂದು ದಿನ ಡಿಗ್ರಿ ಓದುತ್ತಿರುವ ಮಗಳು ಅಡುಗೆ ಮನೆಗೆ ಬಂದು, "ಉಮ್ಮಾ, ಅಲ್ಲಾಹನು ಒಬ್ಬನೇ ಎಂದು ನಮಗೆ ಹೇಗೆ ಗೊತ್ತು? ಅವನನ್ನು ಯಾರು ಸೃಷ್ಟಿಸಿದರು?" ಎಂದು ಕೇಳಿದರೆ ನೀವು ಏನು ಹೇಳುವಿರಿ?

ಹೆಚ್ಚಿನ ಮನೆಗಳಲ್ಲಿ ಸಿಗುವ ಉತ್ತರ ಒಂದೇ. "ತೌಬಾ ಮಾಡು, ಹಾಗೆಲ್ಲ ಕೇಳಬಾರದು." ಮಗಳು ಸುಮ್ಮನಾಗುತ್ತಾಳೆ. ಸಂದೇಹ ಹೋಯಿತೆಂದು ನಾವು ಸಮಾಧಾನಪಡುತ್ತೇವೆ. ನಿಜವಾಗಿ ಹೋದದ್ದು ಸಂದೇಹವಲ್ಲ, ತಾಯಿಯ ಬಳಿ ಕೇಳುವ ಧೈರ್ಯ. ಆ ಪ್ರಶ್ನೆಯನ್ನು ಅವಳು ಇನ್ನು ಗೆಳತಿಯರಲ್ಲಿ ಕೇಳುತ್ತಾಳೆ, ಮೊಬೈಲ್‌ನಲ್ಲಿ ಹುಡುಕುತ್ತಾಳೆ. ಅಲ್ಲಿ ಸಿಗುವ ಉತ್ತರ ಯಾವುದೆಂದು ನಮಗೆ ತಿಳಿಯುವುದೂ ಇಲ್ಲ.

ಪ್ರಶ್ನೆಗೆ ಇಸ್ಲಾಮ್ ಹೆದರುತ್ತದೆಯೇ ಎಂಬುದನ್ನು ಮೊದಲು ನೋಡೋಣ.

ಪ್ರವಾದಿಯೇ ಕೇಳಿದ ಪ್ರಶ್ನೆ

ಪ್ರವಾದಿ ಇಬ್ರಾಹೀಮ್(ಅ)ರನ್ನು ನಾವು ಏಕದೇವ ವಿಶ್ವಾಸಿಗಳ ನಾಯಕರೆಂದು ಗೌರವಿಸುತ್ತೇವೆ. ಅವರೇ ಒಮ್ಮೆ ಅಲ್ಲಾಹನೊಡನೆ, ಮೃತರನ್ನು ನೀನು ಹೇಗೆ ಜೀವಂತಗೊಳಿಸುವೆ ಎಂಬುದನ್ನು ತೋರಿಸು ಎಂದು ಬೇಡಿಕೊಂಡರು. ನಿನಗೆ ವಿಶ್ವಾಸವಿಲ್ಲವೇ ಎಂದು ಅಲ್ಲಾಹನು ವಿಚಾರಿಸಿದಾಗ, ವಿಶ್ವಾಸವಿದೆ, ಆದರೆ ಮನಸ್ಸಿಗೆ ನೆಮ್ಮದಿ ಸಿಗಲೆಂದು ಕೇಳುತ್ತಿದ್ದೇನೆ ಎಂದರು. ಇದು ಸೂರಃ ಅಲ್‌ಬಕರದಲ್ಲಿದೆ. ಅಲ್ಲಾಹನು ಅವರನ್ನು ಗದರಿಸಲಿಲ್ಲ. ಹಕ್ಕಿಗಳ ಮೂಲಕ ಕಣ್ಣಾರೆ ಕಾಣಿಸಿಕೊಟ್ಟನು.

ಪ್ರವಾದಿವರ್ಯರ(ಸ) ಕಾಲದಲ್ಲೂ ಸಹಾಬಿಗಳು ಬಂದು, ಬಾಯಿಬಿಟ್ಟು ಹೇಳಲೂ ಹೆದರಿಕೆಯಾಗುವಂತಹ ಯೋಚನೆಗಳು ಮನಸ್ಸಿಗೆ ಬರುತ್ತವೆ ಎಂದು ಹೇಳಿಕೊಂಡಿದ್ದರು. ಪ್ರವಾದಿ(ಸ) ಅವರನ್ನು ಕಪಟಿಗಳೆಂದು ಕರೆಯಲಿಲ್ಲ. ಆ ಹೆದರಿಕೆಯೇ ಸ್ಪಷ್ಟವಾದ ಈಮಾನ್ ಎಂದರು. ಸಹೀಹ್ ಮುಸ್ಲಿಮ್‌ನಲ್ಲಿ ಈ ಹದೀಸ್ ಇದೆ. ಕಳ್ಳನಿಗೆ ಬೀಗ ಹಾಕಿದ ಮನೆಯ ಮೇಲೆ ತಾನೇ ಕಣ್ಣು! ಏನೂ ಇಲ್ಲದ ಮನೆಗೆ ಅವನೇಕೆ ನುಗ್ಗುತ್ತಾನೆ?

ಇಮಾಮ್ ಗಝ್ಝಾಲಿ (1058-1111) ಮಹಾ ವಿದ್ವಾಂಸರು. ತಾವು ಸುಮಾರು ಎರಡು ತಿಂಗಳು ಸಂದೇಹದ ಬೇಗೆಯಲ್ಲಿ ಬೆಂದದ್ದನ್ನು ಅವರು ತಮ್ಮ ಆತ್ಮಕಥನದಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಅಂಥವರಿಗೇ ಬಂದದ್ದು ನಮ್ಮ ಮಕ್ಕಳಿಗೆ ಬರಬಾರದೆಂದು ಹೇಳುವುದು ಹೇಗೆ?

ಆದ್ದರಿಂದ ಮಗಳು ಕೇಳಿದಾಗ ಒಲೆ ಆರಿಸಿ ಅವಳ ಪಕ್ಕದಲ್ಲಿ ಕುಳಿತುಕೊಳ್ಳಿ. ಒಳ್ಳೆಯ ಪ್ರಶ್ನೆ, ಒಟ್ಟಿಗೆ ಯೋಚಿಸೋಣ ಎನ್ನಿ.

ಅಲ್ಲಾಹನನ್ನು ಯಾರು ಸೃಷ್ಟಿಸಿದರು?

ಈ ಪ್ರಶ್ನೆ ಹೊಸದಲ್ಲ. ಇದನ್ನು ಯಾರು ಸೃಷ್ಟಿಸಿದರು, ಅದನ್ನು ಯಾರು ಸೃಷ್ಟಿಸಿದರು ಎಂದು ಕೇಳುತ್ತಾ ಕೊನೆಗೆ ನಿನ್ನ ಪ್ರಭುವನ್ನು ಯಾರು ಸೃಷ್ಟಿಸಿದರು ಎಂದು ಶೈತಾನನು ಕೇಳಿಸುವನು, ಅಲ್ಲಿಗೆ ತಲಪಿದಾಗ ಅಲ್ಲಾಹನಲ್ಲಿ ಅಭಯ ಬೇಡಿ ನಿಲ್ಲಿಸಿರಿ ಎಂದು ಪ್ರವಾದಿ(ಸ) ಮೊದಲೇ ಎಚ್ಚರಿಸಿದ್ದರು. ಅಲ್ಲಿ ಏಕೆ ನಿಲ್ಲಬೇಕು? ಯೋಚಿಸುವುದು ತಪ್ಪೆಂದಲ್ಲ. ಆ ಪ್ರಶ್ನೆಗೆ ಅಲ್ಲಿಂದ ಮುಂದೆ ಅರ್ಥವಿಲ್ಲ ಎಂಬ ಕಾರಣಕ್ಕೆ.

ಒಂದು ಉದಾಹರಣೆ ನೋಡಿ. ಚಹಾಕ್ಕೆ ಸಕ್ಕರೆ ಮುಗಿದಿದೆ. ನೀವು ಪಕ್ಕದ ಮನೆಯವರಲ್ಲಿ ಒಂದು ಬಟ್ಟಲು ಸಾಲ ಕೇಳುತ್ತೀರಿ. ಅವರು, "ನಮ್ಮಲ್ಲೂ ಇಲ್ಲ, ಆಚೆ ಮನೆಯಿಂದ ಸಾಲ ತಂದು ಕೊಡುತ್ತೇನೆ" ಎನ್ನುತ್ತಾರೆ. ಆಚೆ ಮನೆಯವರೂ ಹಾಗೆಯೇ ಹೇಳುತ್ತಾರೆ. ಊರಿನ ಎಲ್ಲ ಮನೆಗಳೂ ಸಾಲ ಕೇಳುವ ಮನೆಗಳೇ ಆದರೆ ನಿಮ್ಮ ಚಹಾಕ್ಕೆ ಸಕ್ಕರೆ ಬೀಳುವುದುಂಟೇ? ಮನೆಗಳ ಸಂಖ್ಯೆ ನೂರಾದರೂ ಸಾವಿರವಾದರೂ ಬಟ್ಟಲು ಬರಿದೇ. ಈಗ ನಿಮ್ಮ ಚಹಾ ಸಿಹಿಯಾಗಿದೆ ಎಂದಾದರೆ, ಸಾಲ ಮಾಡದೆ ಸ್ವಂತ ಸಕ್ಕರೆ ಇಟ್ಟುಕೊಂಡ ಒಂದು ಮನೆ ಎಲ್ಲೋ ಇದೆ ಎಂದೇ ಅರ್ಥ.

ಜೀವವೂ ಹಾಗೆಯೇ. ನಾನು ನನ್ನ ತಾಯಿಯಿಂದ ಪಡೆದೆ, ಅವರು ತಮ್ಮ ತಾಯಿಯಿಂದ ಪಡೆದರು. ಮರ ಬೀಜದಿಂದ, ಬೀಜ ಮರದಿಂದ. ಎಲ್ಲವೂ ಸಾಲದ ಅಸ್ತಿತ್ವ. ಆದರೂ ಜಗತ್ತು ಇದೆ. ಹಾಗಾದರೆ ಯಾರಿಂದಲೂ ಪಡೆಯದೆ ತಾನಾಗಿಯೇ ಇರುವ ಒಬ್ಬನು ಇರಲೇಬೇಕು. ಅವನಿಗೆ ಕೊಟ್ಟವರಾರು ಎಂದು ಕೇಳಿದರೆ, ಅವನನ್ನು ಮತ್ತೆ ಸಾಲಗಾರರ ಸಾಲಿನಲ್ಲಿ ನಿಲ್ಲಿಸಿದಂತಾಯಿತು. ಸೂರಃ ಅಲ್‌ಇಖ್ಲಾಸ್‌ನಲ್ಲಿ ಅಲ್ಲಾಹನನ್ನು 'ಅಸ್ಸಮದ್' ಎಂದು ಕರೆಯಲಾಗಿದೆ. ಎಲ್ಲರೂ ಯಾರನ್ನು ಅವಲಂಬಿಸಿದ್ದಾರೋ, ಆದರೆ ಯಾರು ಯಾರನ್ನೂ ಅವಲಂಬಿಸಿಲ್ಲವೋ ಅವನು ಎಂದು ಅದರರ್ಥ. ಅವನು ಜನ್ಮ ನೀಡಿಲ್ಲ, ಜನ್ಮ ಪಡೆದಿಲ್ಲ, ಅವನಿಗೆ ಸಮಾನರಿಲ್ಲ ಎಂಬುದು ಅದರ ಮುಂದಿನ ಮಾತು. ಕೇವಲ ನಾಲ್ಕು ಸೂಕ್ತಗಳ ಈ ಸೂರಃ ಕುರ್‌ಆನಿನ ಮೂರರಲ್ಲೊಂದು ಭಾಗಕ್ಕೆ ಸಮಾನವೆಂದು ಪ್ರವಾದಿ(ಸ) ಹೇಳಿದ್ದು ಸುಮ್ಮನೆ ಅಲ್ಲ.

ಬದ್ರ್ ಯುದ್ಧದ (ಕ್ರಿ.ಶ. 624) ನಂತರ ಜುಬೈರ್ ಬಿನ್ ಮುತ್‌ಇಮ್ ಎಂಬ ಮಕ್ಕಾದ ಗಣ್ಯರು ಕೈದಿಗಳ ವಿಷಯ ಮಾತನಾಡಲು ಮದೀನಕ್ಕೆ ಬಂದಿದ್ದರು. ಆಗ ಅವರು ಮುಸ್ಲಿಮರಾಗಿರಲಿಲ್ಲ. ಮಗ್ರಿಬ್ ನಮಾಝಿನಲ್ಲಿ ಪ್ರವಾದಿ(ಸ) ಸೂರಃ ಅತ್ತೂರ್ ಓದುತ್ತಿದ್ದರು. ಇವರು ಯಾವ ಸೃಷ್ಟಿಕರ್ತನೂ ಇಲ್ಲದೆ ತಾವಾಗಿ ಉಂಟಾದರೇ, ಅಥವಾ ಇವರೇ ಸೃಷ್ಟಿಕರ್ತರೇ ಎಂಬ ಪ್ರಶ್ನೆ ಅದರಲ್ಲಿ ಬರುತ್ತದೆ. ಅದನ್ನು ಕೇಳಿದಾಗ ತನ್ನ ಹೃದಯ ಹಾರಿಹೋಗುವಂತಾಯಿತೆಂದು ಅವರು ಮುಂದೆ ನೆನೆದುಕೊಂಡರು. ನೋಡಿ, ಅವರ ಹೃದಯವನ್ನು ಅಲುಗಿಸಿದ್ದು ಬೆದರಿಕೆಯಲ್ಲ, ಒಂದು ಪ್ರಶ್ನೆ.

ಇಬ್ಬರು ಇರಬಾರದೇಕೆ?

ಸೃಷ್ಟಿಕರ್ತನಿದ್ದಾನೆ ಎಂದು ಒಪ್ಪಿದ ಮೇಲೂ ಮಗಳು ಕೇಳಬಹುದು, ಒಬ್ಬನೇ ಏಕೆ, ಇಬ್ಬರೇಕಲ್ಲ? ಆಕಾಶ ಭೂಮಿಗಳಲ್ಲಿ ಅಲ್ಲಾಹನಲ್ಲದೆ ಬೇರೆ ದೇವರುಗಳಿರುತ್ತಿದ್ದರೆ ಅವೆರಡೂ ಕೆಟ್ಟುಹೋಗುತ್ತಿದ್ದುವು ಎಂದು ಸೂರಃ ಅಲ್‌ಅಂಬಿಯಾದಲ್ಲಿ ಹೇಳಲಾಗಿದೆ. ಇಬ್ಬರ ಇಚ್ಛೆ ಬೇರೆ ಬೇರೆಯಾದಾಗ ಒಬ್ಬನದು ನಡೆದು ಇನ್ನೊಬ್ಬನದು ನಡೆಯದಿದ್ದರೆ, ಸೋತವನು ದೇವನಾಗುವುದಿಲ್ಲ. ಇಬ್ಬರದೂ ನಡೆಯದಿದ್ದರೆ ಇಬ್ಬರೂ ಅಲ್ಲ. ಒಬ್ಬನು ಇನ್ನೊಬ್ಬನನ್ನು ಕೇಳಿಯೇ ನಡೆಯಬೇಕಾದರೆ ಅವನು ಅವಲಂಬಿತನಾದನು, ಸಮದ್ ಆಗಲಿಲ್ಲ.

ಜಗತ್ತಿನ ವ್ಯವಸ್ಥೆಯೂ ಇದನ್ನೇ ನೆನಪಿಸುತ್ತದೆ. 1868ರಲ್ಲಿ ವಿಜ್ಞಾನಿಗಳು ಸೂರ್ಯನ ಬೆಳಕನ್ನು ಪರಿಶೀಲಿಸುವಾಗ ಭೂಮಿಯ ಮೇಲೆ ಆವರೆಗೆ ಗೊತ್ತಿರದ ಒಂದು ಹಳದಿ ಗೆರೆ ಕಂಡಿತು. ಅದು ಹೊಸ ಧಾತುವೊಂದರ ಗುರುತೆಂದು ಲಾಕ್ಯರ್ ಎಂಬ ವಿಜ್ಞಾನಿ ಭಾವಿಸಿದರು. ಸೂರ್ಯನ ಗ್ರೀಕ್ ಹೆಸರಿನಿಂದ ಅದಕ್ಕೆ ಹೀಲಿಯಮ್ ಎಂಬ ಹೆಸರಾಯಿತು. 1895ರಲ್ಲಿ ರಾಮ್ಸೆ ಎಂಬ ವಿಜ್ಞಾನಿಗೆ ಭೂಮಿಯ ಒಂದು ಖನಿಜದಲ್ಲೇ ಆ ಧಾತು ಸಿಕ್ಕಿತು. ಹದಿನೈದು ಕೋಟಿ ಕಿಲೋಮೀಟರ್ ದೂರದ ಸೂರ್ಯನಿಗೂ ನಮ್ಮ ಕಾಲ ಕೆಳಗಿನ ಕಲ್ಲಿಗೂ ನಿಯಮ ಒಂದೇ. ಅಲ್ಲಿಗೊಬ್ಬನ ಆಡಳಿತ, ಇಲ್ಲಿಗೊಬ್ಬನ ಆಡಳಿತ ಎಂಬ ಗಡಿ ಎಲ್ಲೂ ಕಾಣುವುದಿಲ್ಲ. ಇದು ಪ್ರಯೋಗಾಲಯದಲ್ಲಿ ದೇವನನ್ನು ಸಾಬೀತುಪಡಿಸಿದಂತಲ್ಲ. ಆದರೆ ಯೋಚಿಸುವವರಿಗೆ ಇದರಲ್ಲಿ ಒಂದು ದೃಷ್ಟಾಂತವಿದೆ.

ಸೂರ್ಯಗ್ರಹಣದ ಒಂದು ದಿನ

ಎಲ್ಲ ಸಂದೇಹವೂ ತರ್ಕದಿಂದ ಹುಟ್ಟುವುದಿಲ್ಲ. ಕೆಲವೊಮ್ಮೆ ಅದು ನೋವಿನಿಂದ ಹುಟ್ಟುತ್ತದೆ. ತಂದೆಯನ್ನು ಕಳೆದುಕೊಂಡ ಹುಡುಗಿ, ಮಗುವನ್ನು ಮಣ್ಣಿಗೆ ಕೊಟ್ಟ ತಾಯಿ "ಅಲ್ಲಾಹ್ ಇದ್ದಾನೆಯೇ?" ಎಂದು ಕೇಳಿದರೆ, ಅವರಿಗೆ ಬೇಕಾದುದು ವಾದವಲ್ಲ. ಅವರ ಜೊತೆ ಕುಳಿತು ಅಳುವವರು ಬೇಕು. ಪ್ರವಾದಿ ಯಅ್‌ಕೂಬ್(ಅ) ಮಗನಿಗಾಗಿ ಅತ್ತು ಅತ್ತು ಅವರ ಕಣ್ಣುಗಳು ಬೆಳ್ಳಗಾದುವೆಂದು ಕುರ್‌ಆನ್ ತಿಳಿಸುತ್ತದೆ. ಅವರ ಈಮಾನ್ ಅದರಿಂದ ಕಡಿಮೆಯಾಗಲಿಲ್ಲ.

ನಮ್ಮ ಪ್ರವಾದಿವರ್ಯರ(ಸ) ಬದುಕಿನಲ್ಲೂ ಅಂತಹ ದಿನ ಬಂತು. ಅವರ ಪುಟ್ಟ ಮಗ ಇಬ್ರಾಹೀಮ್ ಎರಡು ವರ್ಷ ತುಂಬುವ ಮೊದಲೇ ತೀರಿಕೊಂಡರು. ಪ್ರವಾದಿವರ್ಯರ(ಸ) ಕಣ್ಣಲ್ಲಿ ನೀರು ಹರಿಯಿತು. ಕಣ್ಣು ಅಳುತ್ತದೆ, ಹೃದಯ ದುಃಖಿಸುತ್ತದೆ, ಆದರೆ ನಮ್ಮ ಪ್ರಭುವಿಗೆ ಮೆಚ್ಚಿಗೆಯಾಗದ ಮಾತನ್ನು ಆಡಲಾರೆವು ಎಂದರು. ಅದೇ ದಿನ ಸೂರ್ಯಗ್ರಹಣವಾಯಿತು. ಪ್ರವಾದಿಪುತ್ರನ ಮರಣಕ್ಕಾಗಿ ಸೂರ್ಯನೇ ಕಪ್ಪಾಯಿತೆಂದು ಮದೀನದ ಜನರು ಆಡಿಕೊಂಡರು. ಒಬ್ಬ ಮನುಷ್ಯ ತನ್ನ ಹಿರಿಮೆಯನ್ನು ಹೆಚ್ಚಿಸಿಕೊಳ್ಳಲು ಬಯಸುವುದಾದರೆ ಸುಮ್ಮನಿದ್ದರೆ ಸಾಕಿತ್ತು. ಆದರೆ ಅವರು ಸುಮ್ಮನಿರಲಿಲ್ಲ. ಸೂರ್ಯಚಂದ್ರರು ಅಲ್ಲಾಹನ ದೃಷ್ಟಾಂತಗಳು, ಯಾರ ಸಾವಿಗಾಗಲಿ ಯಾರ ಹುಟ್ಟಿಗಾಗಲಿ ಅವುಗಳಿಗೆ ಗ್ರಹಣ ಹಿಡಿಯುವುದಿಲ್ಲ ಎಂದು ಜನರಿಗೆ ತಿಳಿಹೇಳಿದರು.

ಮಗನನ್ನು ಕಳೆದುಕೊಂಡ ದುಃಖದಲ್ಲೂ ಅವರು ತೌಹೀದನ್ನು ಬಿಟ್ಟುಕೊಡಲಿಲ್ಲ. ಮುಂದೆ ಅವರೇ ಅಗಲಿದಾಗ ಹಝ್ರತ್ ಅಬೂಬಕರ್(ರ) ಕಂಗೆಟ್ಟ ಜನರೆದುರು ನಿಂತು, ಮುಹಮ್ಮದರನ್ನು ಆರಾಧಿಸುತ್ತಿದ್ದವರು ಅವರು ತೀರಿಕೊಂಡರೆಂದು ತಿಳಿಯಲಿ, ಅಲ್ಲಾಹನನ್ನು ಆರಾಧಿಸುತ್ತಿದ್ದವರು ಅವನು ಜೀವಂತನೆಂದು ತಿಳಿಯಲಿ ಎಂದು ಸಾರಿದರು.

ಮಗಳು ನೋಡುತ್ತಿರುವುದು ನಮ್ಮನ್ನು

ಸಹೋದರಿಯರೇ, ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಉಳಿಯುತ್ತದೆ. ತೌಹೀದ್ ಎಂದರೆ ದೇವರನ್ನು ಎಣಿಸಿ 'ಒಂದು' ಎನ್ನುವ ಲೆಕ್ಕವಲ್ಲ. ಭಯ, ನಿರೀಕ್ಷೆ, ಆರಾಧನೆ ಎಲ್ಲವನ್ನೂ ಒಬ್ಬನಿಗೇ ಮೀಸಲಿಡುವ ಬದುಕು ಅದು. ಕಲಿಮವು 'ಇಲ್ಲ' ಎಂಬಲ್ಲಿಂದ ಆರಂಭವಾಗುತ್ತದೆ. ಅಲ್ಲಾಹನಲ್ಲದ ಎಲ್ಲದರ ಒಡೆತನವನ್ನು ಮೊದಲು ತಳ್ಳಿಹಾಕಬೇಕು.

ನಮ್ಮ ಮನೆಯಲ್ಲಿ ಅದು ನಡೆಯುತ್ತಿದೆಯೇ? ನಾಲಿಗೆಯಲ್ಲಿ ಒಬ್ಬನನ್ನು ಹೇಳಿ ಮನಸ್ಸಿನಲ್ಲಿ ನೂರಕ್ಕೆ ಹೆದರುತ್ತೇವೆ. ಸಫರ್ ತಿಂಗಳಲ್ಲಿ ಮದುವೆ ಬೇಡವೆನ್ನುತ್ತೇವೆ. ಆ ತಿಂಗಳಿಗೆ ಅಪಶಕುನವಿಲ್ಲವೆಂದು ಪ್ರವಾದಿ(ಸ) ಎಂದೋ ತಿಳಿಸಿದ್ದಾರೆ. ಗ್ರಹಣ ಬಂದರೆ ಗರ್ಭಿಣಿ ಸೊಸೆಗೆ ಚಾಕು ಮುಟ್ಟಬೇಡ, ಹೊರಗೆ ಬರಬೇಡ ಎನ್ನುತ್ತೇವೆ. ಜನ ಏನೆಂದಾರು ಎಂಬ ಭಯದಲ್ಲಿ ಸಾಲ ಮಾಡಿ ವರದಕ್ಷಿಣೆ ಕೊಡುತ್ತೇವೆ. ಇದನ್ನೆಲ್ಲ ನೋಡುತ್ತಾ ಬೆಳೆದ ಮಗಳಿಗೆ, ಇವರು ಹೇಳುವ ಒಬ್ಬನು ನಿಜವಾಗಿಯೂ ಇದ್ದಿದ್ದರೆ ಇವರಿಗೆ ಇಷ್ಟೊಂದು ಭಯ ಏಕೆ ಎಂದು ಅನಿಸಿದರೆ ತಪ್ಪು ಯಾರದು?

ಹಝ್ರತ್ ಬಿಲಾಲ್(ರ)ರನ್ನು ನೆನೆಯಿರಿ. ಅಬಿಸೀನಿಯಾ ಮೂಲದ ಗುಲಾಮ. ಸುಡುವ ಮರಳಿನಲ್ಲಿ ಮಲಗಿಸಿ ಎದೆಯ ಮೇಲೆ ಬಂಡೆ ಹೇರಿದಾಗ ಅವರ ಬಾಯಿಂದ ಬಂದದ್ದು 'ಅಹದ್, ಅಹದ್' ಎಂಬ ಒಂದೇ ಮಾತು. ಅವರ ಬಳಿ ದೊಡ್ಡ ವಾದಗಳಿರಲಿಲ್ಲ. ಒಡೆಯನು ಒಬ್ಬನೇ ಎಂದಾದರೆ ಉಮಯ್ಯ ತನ್ನ ಒಡೆಯನಲ್ಲ ಎಂಬುದು ಅವರಿಗೆ ಅರ್ಥವಾಗಿತ್ತು. ಕ್ರಿ.ಶ. 630ರಲ್ಲಿ ಮಕ್ಕಾ ವಿಜಯವಾದಾಗ ಅದೇ ಬಿಲಾಲ್(ರ) ಕಅ್‌ಬಾದ ಮೇಲೇರಿ ಅದಾನ್ ಕೊಟ್ಟರು. ಕುರೈಶ್ ಗಣ್ಯರೆಲ್ಲ ಕೆಳಗೆ ನಿಂತಿದ್ದರು. ತೌಹೀದ್ ಮನುಷ್ಯನನ್ನು ಎಲ್ಲಿಂದ ಎಲ್ಲಿಗೆ ಏರಿಸುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉತ್ತರ ಬೇಕೇ?

ಮಾತಿನ ಮರ್ಯಾದೆ

ಸಂದೇಹಪಡುವವಳು ನಿಮ್ಮ ಮಗಳೇ ಆಗಬೇಕೆಂದಿಲ್ಲ. ನೆರೆಮನೆಯ ಹಿಂದೂ ಅಥವಾ ಕ್ರೈಸ್ತ ಸಹೋದರಿ ಕುತೂಹಲದಿಂದ ಕೇಳಬಹುದು. ಅವರಲ್ಲಿ ಮಾತನಾಡುವಾಗ ಅವರು ಪೂಜಿಸುವವರನ್ನು ಹೀಯಾಳಿಸಬೇಡಿ. ಕುರ್‌ಆನ್ ಸೂರಃ ಅಲ್‌ಅನ್‌ಆಮ್‌ನಲ್ಲಿ ಅದನ್ನು ಸ್ಪಷ್ಟವಾಗಿ ತಡೆದಿದೆ. ಧರ್ಮದಲ್ಲಿ ಬಲಾತ್ಕಾರವಿಲ್ಲ ಎಂಬುದೂ ಅದರದೇ ಆದೇಶ. ನಮ್ಮ ವಿಶ್ವಾಸವನ್ನು ತಿಳಿಸುವುದಷ್ಟೇ ನಮ್ಮ ಕೆಲಸ. ಹೃದಯವನ್ನು ತೆರೆಯುವವನು ಅಲ್ಲಾಹನು.

ಉತ್ತರ ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ ಮಗಳೇ, ತಿಳಿದವರಲ್ಲಿ ಕೇಳೋಣ" ಎನ್ನಲು ನಾಚಬೇಡಿ. ಅದೇ ದಿನ ರಾತ್ರಿ ಅವಳ ಜೊತೆ ಕುಳಿತು ಸೂರಃ ಅಲ್‌ಇಖ್ಲಾಸ್‌ನ ಅರ್ಥ ಓದಿ. ಅವಳು ಇನ್ನೊಂದು ಪ್ರಶ್ನೆ ಕೇಳಿದರೆ ಅಲ್ಲಾಹನನ್ನು ಸ್ತುತಿಸಿರಿ. ಪ್ರಶ್ನೆ ಇನ್ನೂ ನಿಮ್ಮ ಮನೆಯೊಳಗೇ ಇದೆ. ಅಲ್ಲಾಹನು ನಮ್ಮ ಮಕ್ಕಳ ಹೃದಯಗಳಿಗೆ ನೆಮ್ಮದಿಯ ವಿಶ್ವಾಸವನ್ನು ದಯಪಾಲಿಸಲಿ, ಆಮೀನ್.