ಬೀಗ ಬಿದ್ದ ಹಳೆಯ ಕಂಪ್ಯೂಟರಿನಿಂದ ನಿಮ್ಮ ಕಡತ ತೆಗೆಯುವುದು ಹೇಗೆ?



ಪುತ್ತೂರು, ಸುಳ್ಯ, ಕಡಬದ ಕಡೆಯ ತೋಟದ ಮನೆಗಳಲ್ಲಿ ಅಟ್ಟದ ಮೇಲೋ ಚಾವಡಿಯ ಮೂಲೆಯಲ್ಲೋ ಬಟ್ಟೆ ಹೊದಿಸಿಟ್ಟ ಹಳೆಯ ಕಂಪ್ಯೂಟರ್ ನಿಮ್ಮ ಕಣ್ಣಿಗೆ ಬಿದ್ದಿರಬಹುದು. ಅಜ್ಜ ಬೆರಳಚ್ಚು ಮಾಡಿದ ವಂಶಾವಳಿ, ಅಡಿಕೆ ಮಾರಿದ ಲೆಕ್ಕ, ಯಕ್ಷಗಾನ ಪ್ರಸಂಗದ ಪ್ರತಿ, ಅತ್ತೆಯ ಮದುವೆಯ ಫೋಟೋ ಎಲ್ಲವೂ ಅದರೊಳಗಿವೆ. ಆದರೆ ಪಾಸ್‌ವರ್ಡ್, ಅಂದರೆ ಗುಪ್ತಪದ, ಯಾರಿಗೂ ನೆನಪಿಲ್ಲ. "ಫಾರ್ಮ್ಯಾಟ್ ಮಾಡಿಸಿದರಾಯಿತು" ಎಂದು ಯಾರಾದರೂ ಸಲಹೆ ಕೊಟ್ಟರೆ ಒಪ್ಪಬೇಡಿ. ಯಂತ್ರವೇನೋ ತೆರೆದುಕೊಳ್ಳುತ್ತದೆ, ಆದರೆ ಒಳಗಿನ ಕಡತಗಳೇ ಹೋಗುತ್ತವೆ.

ಬೀಗ ಎಲ್ಲಿದೆ?

ಕಂಪ್ಯೂಟರ್ ನಿಮ್ಮ ಗುಪ್ತಪದವನ್ನು ಇದ್ದಂತೆಯೇ ಬರೆದಿಟ್ಟುಕೊಳ್ಳುವುದಿಲ್ಲ. ಅದನ್ನು ಒಂದು ಗಣಿತ ಕ್ರಿಯೆಗೆ ಒಳಪಡಿಸಿ, ಬಂದ ಉತ್ತರವನ್ನಷ್ಟೇ ಇಟ್ಟುಕೊಳ್ಳುತ್ತದೆ. ಅಕ್ಕಿಯನ್ನು ಹಿಟ್ಟು ಮಾಡಬಹುದು, ಹಿಟ್ಟಿನಿಂದ ಅಕ್ಕಿ ಮಾಡಲಾಗದು. ಇದೂ ಹಾಗೆಯೇ. ನೀವು ಕೀಲಿಮಣೆಯಲ್ಲಿ ಒತ್ತಿದ ಪದದ ಉತ್ತರವೂ ಇಟ್ಟುಕೊಂಡ ಉತ್ತರವೂ ಒಂದೇ ಆದರೆ ಒಳಗೆ ಬಿಡುತ್ತದೆ, ಇಲ್ಲವಾದರೆ ಇಲ್ಲ.

ಈ ಕಾವಲು ಇರುವುದು ಬಾಗಿಲಿನಲ್ಲಿ ಮಾತ್ರ. ವಿಂಡೋಸ್ ಎಕ್ಸ್‌ಪಿಯಂಥ ಹಳೆಯ ವ್ಯವಸ್ಥೆಗಳಲ್ಲಿ ಕಡತಗಳು ಸಾಮಾನ್ಯವಾಗಿ ಹಾರ್ಡ್ ಡಿಸ್ಕಿನ ಮೇಲೆ ತೆರೆದ ರೂಪದಲ್ಲೇ ಇರುತ್ತವೆ. ಡಿಸ್ಕನ್ನು ಬೇರೊಂದು ಕಂಪ್ಯೂಟರಿಗೆ ಜೋಡಿಸಿದರೆ ಹಳೆಯ ಬಾಗಿಲಿನ ಕಾವಲುಗಾರ ಅಲ್ಲಿರುವುದಿಲ್ಲ, ಕಡತಗಳನ್ನು ಓದಬಹುದು.

ಎರಡನೆಯ ಬಗೆಯ ಬೀಗ ಬೇರೆ. ಅದರಲ್ಲಿ ಕಡತದ ಬರಹವನ್ನೇ ಗೂಢಲಿಪಿಗೆ ತಿರುಗಿಸಿರುತ್ತಾರೆ. ವಿಂಡೋಸ್ ವಿಸ್ಟಾ ಜೊತೆಗೆ ಬಂದ ಬಿಟ್‌ಲಾಕರ್ ಇಂಥದ್ದು. ಇಲ್ಲಿ ಡಿಸ್ಕ್ ಕಳಚಿ ಪ್ರಯೋಜನವಿಲ್ಲ. ಬೀಗ ಹಾಕಿದಾಗ ಕೊಟ್ಟ 48 ಅಂಕಿಗಳ ಕೀಲಿ ಬೇಕು. ಅದು ಮನೆಯ ಕಾಗದಪತ್ರಗಳಲ್ಲೋ ಮೈಕ್ರೋಸಾಫ್ಟ್ ಖಾತೆಯಲ್ಲೋ ಇದೆಯೇ ಎಂದು ಹುಡುಕಿ.

ಮೊದಲು ಅನುಮತಿ

ಯಂತ್ರ ನಿಮ್ಮ ಮನೆಯದೇ? ಕಡತ ಯಾರದು? ಅಜ್ಜ ತೀರಿಕೊಂಡಿದ್ದರೆ ಅಜ್ಜಿಯನ್ನು, ಅಪ್ಪ ಅಥವಾ ದೊಡ್ಡಪ್ಪನನ್ನು ಕೇಳಿ. ಅದೇ ಯಂತ್ರದಲ್ಲಿ ಬೇರೆಯವರ ಖಾತೆಯೂ ಇದ್ದರೆ ಅದನ್ನು ಮುಟ್ಟಬೇಡಿ. ಒಡೆಯನ ಒಪ್ಪಿಗೆಯಿಲ್ಲದೆ ಕಂಪ್ಯೂಟರಿನ ಒಳಹೊಕ್ಕು ಮಾಹಿತಿ ನಕಲು ಮಾಡುವುದನ್ನು ಮಾಹಿತಿ ತಂತ್ರಜ್ಞಾನ ಕಾಯಿದೆ, 2000ರ 43ನೆಯ ಕಲಂ ತಡೆಯುತ್ತದೆ. ದುರುದ್ದೇಶದಿಂದ ಹಾಗೆ ಮಾಡಿದರೆ 66ನೆಯ ಕಲಂ ಪ್ರಕಾರ 3 ವರ್ಷದವರೆಗೆ ಸೆರೆಮನೆ, 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ಕೆಲಸದ ಕ್ರಮ

ನಮ್ಮ ಕಡೆಯ ಮಳೆಗಾಲದ ತೇವ ಅಟ್ಟದ ಮೇಲಿನ ಯಂತ್ರವನ್ನೂ ಬಿಡುವುದಿಲ್ಲ. ಆದ್ದರಿಂದ ಕೂಡಲೇ ವಿದ್ಯುತ್ ಕೊಡಬೇಡಿ. ಒಣ ಜಾಗದಲ್ಲಿ ಕೆಲವು ದಿನ ಇಟ್ಟು, ಮೆತ್ತನೆಯ ಕುಂಚದಿಂದ ಧೂಳು ತೆಗೆಯಿರಿ. ಗುಡುಗು ಸಿಡಿಲಿನ ಹೊತ್ತಿನಲ್ಲಿ ಈ ಕೆಲಸವೇ ಬೇಡ.

ನಂತರ ಎರಡು ದಾರಿಗಳಿವೆ. ಒಂದು, ಡಿಸ್ಕನ್ನು ಕಳಚಿ, ಯುಎಸ್‌ಬಿ ಜೋಡಕದ ಮೂಲಕ ಇನ್ನೊಂದು ಕಂಪ್ಯೂಟರಿಗೆ ಸೇರಿಸುವುದು. ಹಳೆಯ ಐಡಿಇ ಡಿಸ್ಕಿಗೆ ಸೂಜಿಗಳ ಸಾಲಿರುವ ಅಗಲ ಪಟ್ಟಿಯ ತಂತಿ, ಅನಂತರದ ಸಾಟಾ ಡಿಸ್ಕಿಗೆ ಸಣ್ಣ ತಂತಿ. ಜೋಡಕ ಕೊಳ್ಳುವ ಮೊದಲು ಇದನ್ನು ನೋಡಿಕೊಳ್ಳಿ. ಇನ್ನೊಂದು, ಪೆನ್ ಡ್ರೈವಿನಿಂದಲೇ ನಡೆಯುವ ಲಿನಕ್ಸ್ ವ್ಯವಸ್ಥೆಯಿಂದ ಯಂತ್ರವನ್ನು ಚಾಲೂ ಮಾಡುವುದು. ಆಗ 'ಇನ್‌ಸ್ಟಾಲ್' ಅನ್ನು ಒತ್ತಬೇಡಿ, 'ಟ್ರೈ' ಅನ್ನು ಆರಿಸಿ.

ಎಕ್ಸ್‌ಪಿಯಲ್ಲಿ ಸ್ವಂತ ಕಡತಗಳು 'ಡಾಕ್ಯುಮೆಂಟ್ಸ್ ಆಂಡ್ ಸೆಟ್ಟಿಂಗ್ಸ್' ಎಂಬ ಕೋಶದಲ್ಲಿ, ವಿಸ್ಟಾದಿಂದ ಈಚೆಗೆ 'ಯೂಸರ್ಸ್' ಕೋಶದಲ್ಲಿ ಇರುತ್ತವೆ. ಅಲ್ಲಿಂದ ಬೇರೊಂದು ಡಿಸ್ಕಿಗೆ ನಕಲು ಮಾಡಿ. ಹಳೆಯ ಡಿಸ್ಕಿನ ಮೇಲೆ ಏನನ್ನೂ ಬರೆಯಬೇಡಿ. ಯಾರೋ ಅಳಿಸಿದ ಕಡತದ ಜಾಗ ಇನ್ನೂ ಹಾಗೆಯೇ ಉಳಿದಿರಬಹುದು, ಹೊಸದು ಬರೆದರೆ ಅದೂ ಹೋಗುತ್ತದೆ. ಡಿಸ್ಕ್ ಟಿಕ್ ಟಿಕ್ ಸದ್ದು ಮಾಡಿದರೆ ತಕ್ಷಣ ನಿಲ್ಲಿಸಿ, ನುರಿತವರಿಗೆ ಕೊಡಿ.

ಗುಪ್ತಪದವನ್ನು ಬಲವಂತವಾಗಿ ಅಳಿಸುವ ತಂತ್ರಾಂಶಗಳೂ ಇವೆ. ಅವುಗಳಿಗೆ ಆತುರ ಪಡಬೇಡಿ. ಎಕ್ಸ್‌ಪಿಯಲ್ಲಿ ಕಡತಗಳನ್ನು ಗೂಢಲಿಪಿಯಲ್ಲಿ ಇಟ್ಟಿದ್ದರೆ, ಹಾಗೆ ಅಳಿಸಿದ ಮೇಲೆ ಅವನ್ನು ಓದುವ ಕೀಲಿಯೂ ಕೈತಪ್ಪುತ್ತದೆ.

ಕನ್ನಡದ ಎರಡನೆಯ ಬೀಗ

ಕಡತ ಸಿಕ್ಕಿತು, ತೆರೆದಿರಿ. ಅಜ್ಜನ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ! ಕಡತ ಕೆಟ್ಟಿದೆಯೆಂದು ಎಸೆಯಬೇಡಿ. ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ 'ಬರಹ', ಕನ್ನಡ ಗಣಕ ಪರಿಷತ್ತಿನ 'ನುಡಿ' ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ, ರೋಮನ್ ಅಕ್ಷರಗಳ ಸಂಖ್ಯೆಗಳ ಮೇಲೆಯೇ ಕನ್ನಡ ಅಕ್ಷರಗಳ ತುಣುಕುಗಳನ್ನು ಕೂರಿಸಿದ್ದರು. ಆ ಅಕ್ಷರವಿನ್ಯಾಸ ಇಲ್ಲದ ಯಂತ್ರದಲ್ಲಿ ಕೆಳಗಿನ ರೋಮನ್ ರೂಪವೇ ಕಾಣುತ್ತದೆ.

ಯೂನಿಕೋಡಿನಲ್ಲಿ ಹಾಗಲ್ಲ. ಕನ್ನಡಕ್ಕೆ ಸ್ವಂತ ಸಂಖ್ಯೆಗಳಿವೆ. 'ಕ' ಅಕ್ಷರಕ್ಕೆ 3221, ಜಗತ್ತಿನ ಯಾವ ಯಂತ್ರದಲ್ಲಾದರೂ ಅಷ್ಟೇ. ಹಳೆಯ ಕಡತವನ್ನು ಮೊದಲು ಅದೇ ಅಕ್ಷರವಿನ್ಯಾಸ ಹಾಕಿ ಓದಿ ನೋಡಿ, ಆಮೇಲೆ ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ ತಿರುಗಿಸಿ. ಒತ್ತಕ್ಷರ, ಅರ್ಕಾವತ್ತುಗಳಲ್ಲಿ ತಪ್ಪು ನುಸುಳಬಹುದು. ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೆಸರುಗಳನ್ನು ತಾಳೆ ನೋಡಿ. ಮೂಲ ಕಡತವನ್ನೂ ಹಾಗೆಯೇ ಉಳಿಸಿಕೊಳ್ಳಿ.

ಕೊನೆಯದಾಗಿ, ತೆಗೆದ ಕಡತಗಳ ಎರಡು ಪ್ರತಿ ಮಾಡಿ, ಒಂದನ್ನು ಬೇರೆ ಮನೆಯಲ್ಲಿಡಿ. ಇಂದಿನ ಯಂತ್ರಗಳಲ್ಲಿ ಗೂಢಲಿಪಿಯ ಬೀಗ ಹಲವು ಸಲ ತಾನಾಗಿಯೇ ಬಿದ್ದಿರುತ್ತದೆ. ನಾಳೆ ನಿಮ್ಮ ಮನೆಯ ಮಕ್ಕಳು ಡಿಸ್ಕ್ ಕಳಚಿದರೂ ಏನೂ ಸಿಗಲಾರದು. ಆದ್ದರಿಂದ ಕೀಲಿಯನ್ನು ಕಾಗದದ ಮೇಲೆ ಬರೆದು, ಜಾಗದ ದಾಖಲೆಪತ್ರಗಳ ಜೊತೆ ಇಡಿ. ಅದು ಎಲ್ಲಿದೆ ಎಂಬುದು ಮನೆಯಲ್ಲಿ ಇನ್ನೊಬ್ಬರಿಗಾದರೂ ಗೊತ್ತಿರಲಿ.